ಏಳು ದಿನ, ಇಪ್ಪತ್ತೊಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟು ದೀಪ ಹೊತ್ತಿಸುವ ಹೊತ್ತಿಗೆ ಹಿಂದಿರುಗುವ ಸಂಸಾರದಲ್ಲಿ ವಾರದ ಅಡುಗೆಯನ್ನು ಮುಂಚಿತವಾಗಿ ಗೊತ್ತುಮಾಡಿ ನೋಡುವ ಪ್ರಸಂಗ ಬಂದಿರಲಾರದು. ಬಂದಿದ್ದರೆ ಗಾದೆಗೆ ಮೂರನೆಯ ತುಂಡೊಂದು ಸೇರಿಕೊಂಡಿರುತ್ತಿತ್ತು. ನಾನಂತೂ ಒಂದು ಭಾನುವಾರ ಮಧ್ಯಾಹ್ನ, ಹೊಟ್ಟೆ ತುಂಬ ಉಂಡು, ಒಂದು ಗಂಟೆ ಸುಖವಾಗಿ ನಿದ್ದೆ ತೆಗೆದು, ಎದ್ದು ಕುಳಿತವಳೇ ಒಂದೇ ಉಸಿರಿನಲ್ಲಿ 21 ಮನೆ ಕಟ್ಟಿ ಮುಗಿಸಿದೆ: ಅಡ್ಡಕ್ಕೆ ಏಳು ದಿನ, ಉದ್ದಕ್ಕೆ ಮೂರು ಹೊತ್ತು. ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ನನಗೆ ಕೋಷ್ಟಕವೆಂದರೆ ಒಂದು ತೂಕ ಹೆಚ್ಚೇ ಪ್ರೀತಿ. ಸೊಪ್ಪಿಗೆ ಹಸಿರು, ಕಾಳಿಗೆ ಕಂದು, ಮೊಟ್ಟೆಗೆ ಹಳದಿ, ಬೇರುಗಡ್ಡೆಗಳಿಗೆ ಕಿತ್ತಳೆ ಬಣ್ಣ ತುಂಬಿ, ಒಂದೇ ಬಣ್ಣ ಅಕ್ಕಪಕ್ಕ ಬಾರದಂತೆ ಹೊಂದಿಸಿ, ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಅಂಟಿಸಿದಾಗ, ನಮ್ಮವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಗೋಡೆಗೆ ಹಾಕುವ ಚಿತ್ರದಂತಿದೆ" ಎಂದರು. ಹೊಗಳಿಕೆ ಎಂದುಕೊಂಡೆ. ಅದು ಭವಿಷ್ಯವಾಣಿಯೆಂದು ತಿಳಿಯಲು ಬುಧವಾರದವರೆಗೆ ಕಾಯಬೇಕಾಯಿತು.

ಈ ಕೋಷ್ಟಕದ ಮೂಲದೋಷ ಬಣ್ಣದಲ್ಲಿರಲಿಲ್ಲ, ಅದನ್ನು ಬರೆದವಳಲ್ಲಿತ್ತು. ಭಾನುವಾರ ಮಧ್ಯಾಹ್ನ ಬರೆಯುವವಳು ಉಂಡವಳು, ಮಲಗಿ ಎದ್ದವಳು, ಲೋಕದ ಮೇಲೆ ಯಾವ ಸಿಟ್ಟೂ ಇಲ್ಲದವಳು. ಬುಧವಾರ ಸಂಜೆ ಅದನ್ನು ಜಾರಿಗೆ ತರಬೇಕಾದವಳು ಬೇರೆಯೇ ಹೆಂಗಸು; ಅವಳಿಗೆ ಚಪ್ಪಲಿ ಬಿಡುವಷ್ಟು ತ್ರಾಣವೂ ಉಳಿದಿರುವುದಿಲ್ಲ. ಇವರಿಬ್ಬರೂ ಒಂದೇ ದೇಹದಲ್ಲಿ ಬಾಡಿಗೆಗಿದ್ದರೂ ಒಬ್ಬರಿಗೊಬ್ಬರು ಪರಿಚಯವಿಲ್ಲ. ಕೆಲಸಕ್ಕೆ ಹಿಡಿಯುವ ಸಮಯವನ್ನು ಮನುಷ್ಯರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆಂಬ ಈ ದೌರ್ಬಲ್ಯಕ್ಕೆ ಡೇನಿಯಲ್ ಕಾನ್‌ಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಮನಃಶಾಸ್ತ್ರಜ್ಞರು 1970ರ ದಶಕದಲ್ಲೇ ಹೆಸರಿಟ್ಟು ಬರೆದಿದ್ದಾರೆಂದು ನಮ್ಮವರು ಎಲ್ಲಿಯೋ ಓದಿಕೊಂಡು ಬಂದು ಹೇಳಿದರು. ಹೇಳಿದ್ದು ಸರಿಯೇ, ಆದರೆ ರಾತ್ರಿ ಎಂಟೂವರೆಗೆ, ನಾನು ಈರುಳ್ಳಿ ಹೆಚ್ಚುತ್ತಿರುವಾಗ, ಕೈಯಲ್ಲಿ ಚಾಕು ಇರುವಾಗ ಹೇಳಬಾರದಿತ್ತು. ನಮ್ಮ ಪೂರ್ವಿಕರು "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಮುಗಿಸಿಬಿಟ್ಟಿದ್ದರಲ್ಲ. ನನ್ನ ಕೋಷ್ಟಕಕ್ಕೆ ಸಂಜೆ ಐದೂವರೆಗೆ ಕರೆದು ಏಳಕ್ಕೆ ಮುಗಿಸಿದ ಒಂದು ಸಭೆಯೇ ದೊಣ್ಣೆಯಾಯಿತು.

ಆ ಬುಧವಾರ ಕೋಷ್ಟಕದ ಪ್ರಕಾರ ರಾತ್ರಿಗೆ ರಾಜ್ಮಾ. ಅದನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಯಾರು ನೆನೆಹಾಕಬೇಕೆಂಬುದಕ್ಕೆ ಮಾತ್ರ ನನ್ನ 21 ಮನೆಗಳಲ್ಲಿ ಒಂದು ಮೂಲೆಯೂ ಇರಲಿಲ್ಲ. ಅವರು ಹಾಕಿರುತ್ತಾರೆಂದು ನಾನು, ನಾನು ಹಾಕಿರುತ್ತೇನೆಂದು ಅವರು, ಇಬ್ಬರೂ ಪರಸ್ಪರರ ಮೇಲೆ ಅಪಾರ ವಿಶ್ವಾಸವಿಟ್ಟು ಮಲಗಿದ್ದೆವು. ದಾಂಪತ್ಯದಲ್ಲಿ ವಿಶ್ವಾಸ ಅತಿಯಾದರೂ ಅಪಾಯವೆಂದು ನನಗೆ ಮನವರಿಕೆಯಾದದ್ದು ಮರುದಿನ ಸಂಜೆ, ಡಬ್ಬದಲ್ಲಿ ಗೋಲಿಗಳಂತೆ ಗಲಗಲಿಸುತ್ತಿದ್ದ ಒಣ ಕಾಳನ್ನು ಕಂಡಾಗ. ಸಣ್ಣ ಉರಿಯಲ್ಲಿಟ್ಟು ಹೇಗೋ ಬೇಯಿಸಿಬಿಡೋಣವೆಂದರೆ ಅದೂ ಸಲ್ಲದು. ಕೆಂಪು ರಾಜ್ಮಾದಲ್ಲಿ ಸಹಜವಾಗಿಯೇ ಒಂದು ಬಗೆಯ ವಿಷಾಂಶವಿದ್ದು, ಅರೆಬೆಂದ ಕಾಳು ತಿಂದರೆ ವಾಂತಿ ಭೇದಿ ಹಿಡಿಯುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷವಾದರೂ ಕೊತಕೊತನೆ ಕುದಿಸಿದ ಮೇಲೆಯೇ ಮೆತ್ತಗೆ ಬೇಯಿಸಬೇಕು. ಇಷ್ಟೆಲ್ಲ ವಿಜ್ಞಾನವನ್ನು ಹಸಿದ ಮಕ್ಕಳಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಅವರು ಬ್ರೆಡ್ಡು, ಬಾಳೆಹಣ್ಣು ತಿಂದು ಕೈ ತೊಳೆದುಕೊಂಡಿದ್ದರು. ಬೇಳೆ ಬೇಯಲಿಲ್ಲವೆಂಬ ಮಾತನ್ನು ಕಾಳಿಗೂ ಅನ್ವಯಿಸಬಹುದೆಂದು ಅಂದು ಗೊತ್ತಾಯಿತು.

ಮುಂದಿನ ವಾರ ತಪ್ಪನ್ನು ತಿದ್ದಿಕೊಂಡೆವು; ಇಬ್ಬರೂ ತಿದ್ದಿಕೊಂಡದ್ದೇ ತೊಂದರೆಯಾಯಿತು. ನಾನು ರಾತ್ರಿ ಒಂಬತ್ತಕ್ಕೆ ಅರ್ಧ ಕಿಲೋ ಕಾಳು ನೆನೆಹಾಕಿ ಫ್ರಿಜ್ಜಿನೊಳಗಿಟ್ಟೆ. ಹತ್ತೂವರೆಗೆ ನಮ್ಮವರು ಹಾಸಿಗೆಯಿಂದ ಧಡಕ್ಕನೆ ಎದ್ದು, ಕತ್ತಲಲ್ಲಿಯೇ ತಡಕಾಡಿ, ಇನ್ನರ್ಧ ಕಿಲೋ ನೆನೆಹಾಕಿ, ತಟ್ಟೆ ಮುಚ್ಚಿ, ಕರ್ತವ್ಯಪಾಲನೆಯ ತೃಪ್ತಿಯಿಂದ ಮಲಗಿದರು. ನೆಂದ ಕಾಳಿನ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಾಲ್ಕು ಜನರ ಸಂಸಾರಕ್ಕೆ ಎರಡು ಕಿಲೋ ನೆಂದ ರಾಜ್ಮಾ ಎಂದರೆ ಏನೆಂಬುದನ್ನು ವಿವರಿಸಲು ನನ್ನಲ್ಲಿ ಮಾತಿಲ್ಲ. ಕೋಷ್ಟಕದಲ್ಲಿ ಮಾತ್ರ ನಾಲ್ಕು ದಿನ ಕಂದು ಬಣ್ಣವೇ ಹರಿಯಿತು.

ಸಾಮಾನು ತರುವ ಪಟ್ಟಿಯ ಕಥೆ ಇನ್ನೊಂದು. ಅಡುಗೆ ನನ್ನದಾದರೆ ಅಂಗಡಿ ಅವರದೆಂದು ಹಂಚಿಕೊಂಡಿದ್ದೆವು. ಪಟ್ಟಿಯಲ್ಲಿ ನಾನು "ಈರುಳ್ಳಿ 2, ಆಲೂಗಡ್ಡೆ 2, ಕೊತ್ತಂಬರಿ 1" ಎಂದು ಬರೆದಿದ್ದೆ. ನಮ್ಮ ಭಾಷೆಯಲ್ಲಿ ಸೊಪ್ಪೂ ಕೊತ್ತಂಬರಿಯೇ, ಬೀಜವೂ ಕೊತ್ತಂಬರಿಯೇ. ಇಷ್ಟು ಶ್ರೀಮಂತವಾದ ನುಡಿ ಈ ಒಂದು ವಿಷಯದಲ್ಲಿ ಏಕೆ ಜಿಪುಣತನ ಮಾಡಿತೋ ಕಾಣೆ. ಒಂದು ಕಟ್ಟು ಸೊಪ್ಪಿನ ದಾರಿ ಕಾಯುತ್ತಿದ್ದ ನನ್ನ ಮುಂದೆ ಅವರು ಒಂದು ಕಿಲೋ ಕೊತ್ತಂಬರಿ ಬೀಜದ ಪೊಟ್ಟಣವನ್ನು ತಂದಿಟ್ಟರು.

"ಏನ್ರೀ ಇದು? ಒಂದು ಕಟ್ಟು ಅಂತ ತಾನೇ ಬರೆದದ್ದು?"

"ಕಟ್ಟು ಎಂದು ಎಲ್ಲಿದೆ, ತೋರಿಸು. ಮೇಲಿನ ಸಾಲಿನಲ್ಲಿ ಈರುಳ್ಳಿ ಎರಡು ಎಂದಿದೆ. ಎರಡೇ ಎರಡು ಈರುಳ್ಳಿ ತರಬೇಕಿತ್ತೇನು?"

ವಾದ ಬಲವಾಗಿತ್ತು. ಲೆಕ್ಕಪತ್ರದಲ್ಲಿ ಅಳತೆಯ ಮಾನ ನಮೂದಿಸದ ಅಂಕಿಯನ್ನು ನಾನೇ ದಿನವೂ ಕೆಂಪು ಶಾಯಿಯಲ್ಲಿ ಸುತ್ತಿ ವಾಪಸು ಕಳಿಸುವವಳು. ಬಾಯಿ ಮುಚ್ಚಿಕೊಂಡು ಪೊಟ್ಟಣವನ್ನು ಮೇಲಿನ ಕಪಾಟಿಗೆ ಸೇರಿಸಿದೆ. ದಿನಕ್ಕೆ ಎರಡು ಚಮಚದಂತೆ ಬಳಸಿದರೂ ತಿಂಗಳುಗಟ್ಟಲೆ ಕರಗದ ಆ ಆಸ್ತಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಇಷ್ಟಾದ ಮೇಲೆ, ದಿನದಿನದ ಗೋಳೇ ಬೇಡ, ಭಾನುವಾರವೇ ವಾರಕ್ಕಾಗುವಷ್ಟು ಬೇಯಿಸಿಟ್ಟುಬಿಡೋಣವೆಂಬ ಯೋಚನೆ ಬಂತು. ಯೋಚನೆ ಬಂದದ್ದು, ಗಮನಿಸಿ, ಅದೇ ಊಟವಾದ ಮೇಲಿನ ನಿದ್ದೆಯ ನಂತರ. ಬೆಂದ ಪದಾರ್ಥ ಫ್ರಿಜ್ಜಿನಲ್ಲಿ ಮೂರರಿಂದ ನಾಲ್ಕು ದಿನ ಮಾತ್ರ ತಿನ್ನಲು ಯೋಗ್ಯವಾಗಿರುತ್ತದೆ, ವಾರಕ್ಕೆ ಮಾತ್ರ ಏಳು ದಿನ. ಈ ಕಳೆಯುವ ಲೆಕ್ಕ ಒಲೆಯ ಮೇಲೆ ದೊಡ್ಡ ಪಾತ್ರೆ ಏರಿದ ಮೇಲೆ ನನಗೆ ಹೊಳೆಯಿತು. ಬುಧವಾರದಾಚೆಯದನ್ನೆಲ್ಲ ಫ್ರೀಜರಿಗೆ ಸೇರಿಸಬೇಕು, ಸೇರಿಸುವ ಮುನ್ನ ಆರಿಸಬೇಕು, ಆರಿಸುವುದಕ್ಕೂ ಗಡುವಿದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್‌ನ ನಡುವೆ ಸೂಕ್ಷ್ಮಜೀವಿಗಳು ಸಮೃದ್ಧವಾಗಿ ಸಂಸಾರ ಹೂಡುವುದರಿಂದ, ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದೊಡ್ಡ ಪಾತ್ರೆಯ ಗುಣವೆಂದರೆ, ಮೇಲೆ ತಣ್ಣಗಾದಂತೆ ನಟಿಸಿ ಒಳಗೆ ಕುದಿಯುತ್ತಲೇ ಇರುವುದು. ಕಚೇರಿಯಲ್ಲಿ ಇಂಥವರನ್ನು ಎಲ್ಲರೂ ನೋಡಿರುತ್ತೇವೆ. ಆದ್ದರಿಂದ ಮನೆಯಲ್ಲಿದ್ದ ಅಗಲವಾದ ತಟ್ಟೆ, ಪರಾತ, ಮುಚ್ಚಳಗಳಿಗೆಲ್ಲ ತೆಳ್ಳಗೆ ಹರಡಿ, ಊಟದ ಮೇಜು ಸಾಲದೆ ಮಗಳ ಓದುವ ಮೇಜಿನ ಮೇಲೂ ಇಟ್ಟು, ಫ್ಯಾನು ಹಾಕಿ, ನಾಲ್ವರೂ ಗೋಡೆಗೆ ಆತು ನಿಂತು ನೋಡುತ್ತಿದ್ದೆವು. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದ್ದರೆ ಊಟದ ಮೇಜಿಗೆ ಕರೆಯಲು ಮೇಜೇ ಇರಲಿಲ್ಲ.

ಫ್ರೀಜರಿನ ಲೋಕಕ್ಕೆ ಅದರದೇ ಮಾಯೆಯಿದೆ. ಮೊದಲ ಸಲ ತರಕಾರಿ ಬೇಯಿಸಿದ ರಸವನ್ನು ಗಾಜಿನ ಸೀಸೆಗೆ ಕಂಠಪೂರ್ತಿ ತುಂಬಿ, ಬಿರಡೆ ಬಿಗಿದು ಒಳಗಿಟ್ಟೆ. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು 9 ಪ್ರತಿಶತ ಹಿಗ್ಗುತ್ತದೆಂದು ಶಾಲೆಯಲ್ಲಿ ಓದಿ ಅಂಕವನ್ನೂ ಗಳಿಸಿದ್ದವಳು ನಾನು. ಬೆಳಿಗ್ಗೆ ನೋಡಿದರೆ ಸೀಸೆ ಒಡೆದು, ಗಾಜಿನ ಚೂರುಗಳ ನಡುವೆ ಸೀಸೆಯ ಆಕಾರದ ರಸ ಮಾತ್ರ ನೆಟ್ಟಗೆ ನಿಂತಿತ್ತು. ಅಲ್ಲಿಂದ ಮುಂದೆ ಪ್ಲಾಸ್ಟಿಕ್ಕಿನ ಡಬ್ಬಗಳು, ಬಾಯಿಯಿಂದ ಎರಡು ಬೆರಳು ಕೆಳಗೆ. ಡಬ್ಬಗಳ ಮೇಲೆ ಹೆಸರು ಬರೆದು ಅಂಟಿಸಬೇಕೆಂದು ಮಗಳು ಹೇಳಿದಳು. ಹನ್ನೊಂದು ವರ್ಷದವಳ ಮಾತು ಕೇಳುವುದೇ? ನಮ್ಮ ಕೈಯಾರೆ ಮಾಡಿದ್ದು ನಮಗೆ ಗೊತ್ತಾಗದೆ ಇರುತ್ತದೆಯೇ?

ಗೊತ್ತಾಗುವುದಿಲ್ಲ. ಹೆಪ್ಪುಗಟ್ಟಿದ್ದಕ್ಕೆ ವಾಸನೆಯಿಲ್ಲ, ಮೇಲೆ ಬಿಳಿಯ ಹಿಮದ ಪದರ, ಅದರಡಿ ಎಲ್ಲವೂ ಒಂದೇ ಬಗೆಯ ಕೆಂಪು. ಒಂದು ಶುಕ್ರವಾರ ನಮ್ಮವರು ತಾವೇ ಮುಂದೆ ಬಂದು, ನೀನು ಕುಳಿತುಕೋ ಎಂದು ನನ್ನನ್ನು ಕೂರಿಸಿ, ಟೊಮ್ಯಾಟೊ ಗ್ರೇವಿಯ ಡಬ್ಬ ಹೊರತೆಗೆದು, ಈರುಳ್ಳಿ ಬೆಳ್ಳುಳ್ಳಿ ಹುರಿದು, ಕಾರದಪುಡಿ ಹಾಕಿ, ಆ ಕೆಂಪುಗಡ್ಡೆಯನ್ನು ಬಾಣಲೆಗೆ ಇಳಿಸಿ, ಬೆಂದ ಮೊಟ್ಟೆಗಳನ್ನು ಅದರಲ್ಲಿ ತೇಲಿಬಿಟ್ಟರು. ಗಡ್ಡೆ ಕರಗಿದಂತೆ ಮನೆಯಲ್ಲೆಲ್ಲ ಹುಟ್ಟುಹಬ್ಬದ ವಾಸನೆ ಹರಡತೊಡಗಿತು. ಅದು ಮಗನ ಹುಟ್ಟುಹಬ್ಬದ ಕೇಕಿಗೆಂದು ಸಕ್ಕರೆ ಹಾಕಿ ಬೇಯಿಸಿದ್ದ ಸ್ಟ್ರಾಬೆರಿಯ ಉಳಿಕೆ. ಆರು ವರ್ಷದ ಮಗ ಒಂದು ತುತ್ತು ಬಾಯಿಗಿಟ್ಟು, ಕಣ್ಣರಳಿಸಿ, "ಅಪ್ಪ ಮಾಡಿದ ಮೊಟ್ಟೆ ತುಂಬಾ ಚೆನ್ನಾಗಿದೆ" ಎಂದು ಎರಡನೆಯ ಸಲ ಹಾಕಿಸಿಕೊಂಡ. ಉಳಿದ ಮೂವರು ಮೊಟ್ಟೆಯನ್ನು ನಲ್ಲಿಯ ಕೆಳಗೆ ತೊಳೆದು ಉಪ್ಪು ಹಾಕಿಕೊಂಡು ತಿಂದೆವು.

ಮಕ್ಕಳ ರುಚಿಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ, ಅದು ಮುಗಿಯುವ ಕಥೆಯಲ್ಲ. ಅವರ ಅಭಿಪ್ರಾಯವನ್ನೂ ಕೇಳಬೇಕೆಂದು ಒಂದು ವಾರ ಖಾಲಿ ಕೋಷ್ಟಕ ಕೊಟ್ಟು ನೋಡಿದೆ. ಮಗ 21 ಮನೆಗಳಲ್ಲಿಯೂ ಆಲೂಗಡ್ಡೆಯ ಚಿತ್ರ ಬರೆದು ತಂದ. ಮಕ್ಕಳು ಹೊಸ ತರಕಾರಿಯನ್ನು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲವಾದರೂ ಅದರ ರುಚಿ ನೋಡಬೇಕಾಗಬಹುದೆಂದು ತಿಳಿದವರು ಹೇಳುತ್ತಾರೆ. ಇದನ್ನು ನಾನು ಮಗಳ ಕಿವಿಗೆ ಬೀಳುವಂತೆ ಹೇಳಬಾರದಿತ್ತು. ಈಗ ಪಾಲಕ್ ಬಡಿಸಿದಾಗಲೆಲ್ಲ ಅವಳು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಗೀಟು ಎಳೆದು, "ಅಮ್ಮ, ಇದು ಒಂಬತ್ತನೆಯದು. ಇನ್ನು ಆರು ಆದ ಮೇಲೂ ಇಷ್ಟವಾಗದಿದ್ದರೆ ನಿಲ್ಲಿಸುತ್ತೀಯಾ?" ಎಂದು ಕೇಳುತ್ತಾಳೆ. ಲೆಕ್ಕಪತ್ರದವಳ ಮಗಳು, ಇನ್ನೇನು ಕೇಳಿಯಾಳು.

ಪಾಲಕ್ ಎಂದಾಗ ನೆನಪಾಯಿತು: ಬಣ್ಣ ಹೊಂದಲೆಂದು ಮೊದಲ ಕೋಷ್ಟಕದಲ್ಲಿ ಅದನ್ನು ಶುಕ್ರವಾರಕ್ಕೆ ಇಟ್ಟಿದ್ದೆ. ಭಾನುವಾರ ತಂದ ಸೊಪ್ಪು ಶುಕ್ರವಾರಕ್ಕೆ ಚೀಲದೊಳಗೆ ಹಸಿರು ನೀರಾಗಿತ್ತು. ಈಗ ಸೊಪ್ಪು ವಾರದ ಮೊದಲೆರಡು ದಿನ, ಬೀನ್ಸು ಹೂಕೋಸು ನಡುವೆ, ಕ್ಯಾರೆಟ್ಟು ಆಲೂಗಡ್ಡೆ ಕೊನೆಗೆ. ಬಣ್ಣಗಳು ಹೇಗೆ ಬಿದ್ದರೂ ಕೇಳುವವರಿಲ್ಲ. 21 ಮನೆಗಳು ಕುಸಿದು ಐದಕ್ಕೆ ಇಳಿದಿವೆ. ರಾತ್ರಿಯ ಊಟವನ್ನಷ್ಟೇ ಬರೆಯುತ್ತೇವೆ, ಬುಧವಾರದ ಮುಂದೆ ಒಂದು ಅಡ್ಡಗೆರೆ, ಅದರರ್ಥ ಅಂದು ಮೊದಲು ಮನೆ ಸೇರಿದವರು ಕೈಗೆ ಸಿಕ್ಕಿದ್ದನ್ನು ಬೇಯಿಸಬಹುದು, ಉಳಿದವರು ಎದುರಾಡುವಂತಿಲ್ಲ. ಕಾಳು ನೆನೆಹಾಕಿದವರು ಫ್ರಿಜ್ಜಿನ ಮೇಲಿನ ಕೆಂಪು ಆಯಸ್ಕಾಂತವನ್ನು ಎಡಗಡೆಯಿಂದ ಬಲಗಡೆಗೆ ಸರಿಸಬೇಕೆಂಬ ಕಾನೂನೂ ಜಾರಿಯಲ್ಲಿದೆ.

ಕಳೆದ ವಾರ ಮಲಗುವ ಮುನ್ನ ಅಡುಗೆಮನೆಗೆ ಹೋದರೆ ಆಯಸ್ಕಾಂತ ಬಲಕ್ಕೆ ಸರಿದಿತ್ತು, ಕಟ್ಟೆಯ ಮೇಲೆ ತಟ್ಟೆ ಮುಚ್ಚಿದ ಬೋಗುಣಿಯಿತ್ತು. ಹೇಳದೆಯೇ ಮಾಡಿದ್ದಾರಲ್ಲ ಎಂದು ನಮ್ಮವರ ಮೇಲೆ ಅಭಿಮಾನ ಉಕ್ಕಿ, ಬೆಳಿಗ್ಗೆ ಹಾಗೆಂದೇ ಹೇಳಿದೆ. "ನಾನಲ್ಲ, ನೀನೇ ಹಾಕಿದ್ದೀಯೆಂದು ನಾನು ಸುಮ್ಮನಿದ್ದೆ" ಎಂದರು ಅವರು. ಮಗಳು ತಲೆಯಾಡಿಸಿದಳು. ಆಗ ಮಗ ಕುರ್ಚಿಯಿಂದ ಇಳಿದು ಬಂದು, "ನಾನು ಹಾಕಿದ್ದು. ನಿಮಗೆ ಮರೆತುಹೋಗುತ್ತದಲ್ಲ" ಎಂದು ತಟ್ಟೆ ತೆಗೆದು ತೋರಿಸಿದ. ಸ್ಟೂಲು ಹತ್ತಿ ಮೇಲಿನ ಕಪಾಟಿಗೆ ಕೈಹಾಕಿದ್ದನಂತೆ. ಬೋಗುಣಿಯ ತುಂಬ, ರಾತ್ರಿಯಿಡೀ ನೆಂದು ಉಬ್ಬಿದ, ಮುಕ್ಕಾಲು ಕಿಲೋ ಕೊತ್ತಂಬರಿ ಬೀಜ.