ಸತ್ತವರ ಪಕ್ಕದಲ್ಲಿ ನಮ್ಮದೊಂದು ಹೆಸರು

1926ರ ಆಗಸ್ಟ್‌ನಲ್ಲಿ ಮೂಕಿ ಚಿತ್ರಗಳ ಪ್ರಣಯರಾಜ ರುಡಾಲ್ಫ್ ವ್ಯಾಲೆಂಟಿನೊ 31ನೇ ವಯಸ್ಸಿಗೇ ತೀರಿಕೊಂಡಾಗ ನ್ಯೂಯಾರ್ಕಿನ ಬೀದಿಗಳಲ್ಲಿ ಜನಸಾಗರವೇ ನೆರೆಯಿತು. ಅಂತಿಮ ದರ್ಶನಕ್ಕೆ ನುಗ್ಗಿದವರ ರಭಸಕ್ಕೆ ಕಿಟಕಿಯ ಗಾಜುಗಳು ಪುಡಿಯಾದವು. ಗುಂಪು ಚದುರಿಸಲು ಪೊಲೀಸರು ಕುದುರೆ ಏರಿ ಬಂದರು. ಈ ಗದ್ದಲದಲ್ಲೆಲ್ಲ ನನ್ನ ವಿಶೇಷ ಗೌರವಕ್ಕೆ ಪಾತ್ರಳಾದವಳು ನಟಿ ಪೋಲಾ ನೆಗ್ರಿ. ತಾನೇ ಆತನ ಭಾವಿ ಪತ್ನಿ ಎಂದು ಹೇಳಿಕೊಂಡ ಈಕೆ ಶವಪೆಟ್ಟಿಗೆಯ ಮುಂದೆ, ಪತ್ರಿಕೆಯವರ ಎದುರೇ ಮೂರ್ಛೆ ಹೋದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಮಾನ್ಯ ಶೋಕವಾಗುತ್ತಿತ್ತು. ಅವಳು ಕಳಿಸಿದ ಭಾರಿ ಹೂವಿನ ಹಾಸಿನ ತುಂಬ ಸಾವಿರಾರು ಕೆಂಪು ಗುಲಾಬಿ. ನಡುವೆ ಬಿಳಿ ಹೂಗಳಲ್ಲಿ, ದೂರದಿಂದಲೂ ಓದಲು ಬರುವಂತೆ ಒಂದು ಹೆಸರು. ಅದು ವ್ಯಾಲೆಂಟಿನೊ ಹೆಸರಲ್ಲ. ‘ಪೋಲಾ’.

ಇಂದಿನ ಶ್ರದ್ಧಾಂಜಲಿ ಶಾಸ್ತ್ರದ ಮೂಲಪುರುಷ ಯಾರೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಈ ಮಹಿಳೆಯ ಹೆಸರು ಹೇಳುತ್ತೇನೆ. ಆಕೆಗೆ ಗುಲಾಬಿಯ ಖರ್ಚಾದರೂ ಬಿತ್ತು. ನಮಗೆ ಅದೂ ಇಲ್ಲ.

ಖ್ಯಾತ ನಟನೋ ಗಾಯಕಿಯೋ ಲೇಖಕನೋ ಕಣ್ಣುಮುಚ್ಚಿದ ಸುದ್ದಿ ಬಂತೆನ್ನಿ. ಮನೆಯವರು ಇನ್ನೂ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕುತ್ತಿರುತ್ತಾರೆ, ಅಷ್ಟರಲ್ಲಿ ಅಭಿಮಾನಿಯ ಬೆರಳು ತನ್ನ ಮೊಬೈಲಿನ ಹಳೆಯ ಫೋಟೊಗಳನ್ನು ಸರಸರನೆ ಮೇಲೆಳೆಯುತ್ತಿರುತ್ತದೆ. ಬೇಕಾಗಿರುವುದು ಸತ್ತವರ ಒಳ್ಳೆಯ ಫೋಟೊ ಅಲ್ಲ. ಅಂಥವು ಎಲ್ಲೆಡೆ ಸಿಗುತ್ತವೆ. ಬೇಕಾಗಿರುವುದು ಇಬ್ಬರೂ ಇರುವ ಫೋಟೊ. ಕೊನೆಗೂ ಸಿಗುತ್ತದೆ. ಅದರಲ್ಲಿ ಅಭಿಮಾನಿ ನೆತ್ತಿಯಿಂದ ಸೊಂಟದವರೆಗೆ ಸ್ಪಷ್ಟ, ಹಲ್ಲುಗಳೆಲ್ಲ ಹಾಜರ್. ಎಡಗಡೆಯ ಅಂಚಿನಲ್ಲಿ ದಿವಂಗತರ ಒಂದು ಕಿವಿ, ಕನ್ನಡಕದ ಒಂದು ಕಡ್ಡಿ, ಮತ್ತು ‘ಇವನು ಯಾವಾಗ ಬಿಡುತ್ತಾನೋ’ ಎಂದು ಬಾಗಿಲಿನತ್ತ ತಿರುಗಿದ ಅರ್ಧ ಮುಖ. ಕೆಳಗೆ ಒಕ್ಕಣೆ: ‘ನಾನು ಅವರ ಸ್ವಂತ ತಮ್ಮನಂತೆಯೇ ಇದ್ದೆ.’

ಆ ಒಕ್ಕಣೆಯ ವ್ಯಾಕರಣವನ್ನು ಗಮನಿಸಿ. ಮೊದಲ ವಾಕ್ಯದ ಕರ್ತೃಪದ ‘ನಾನು’. ಎರಡನೆಯದರದೂ ‘ನಾನು’. ದಿವಂಗತರು ಕರ್ಮಪದವಾಗಿ, ಹೆಚ್ಚೆಂದರೆ ಷಷ್ಠೀ ವಿಭಕ್ತಿಯಲ್ಲಿ, ಬಂದು ಹೋಗುತ್ತಾರೆ. ‘ನಾನು ಪಿಯುಸಿಯಲ್ಲಿದ್ದಾಗ ಅವರ ಪುಸ್ತಕ ಓದಿ ನನ್ನ ಬದುಕೇ ಬದಲಾಯಿತು.’ ಯಾವ ಪುಸ್ತಕ? ಎಲ್ಲಿಂದ ಎಲ್ಲಿಗೆ ಬದಲಾಯಿತು? ಇಂಥ ಪ್ರಶ್ನೆ ಸಾವಿನ ಮನೆಯಲ್ಲಿ ಕೇಳಬಾರದು, ಅಮಾನವೀಯ. ಉಳಿದ ಜಾಗವನ್ನು ಸಿದ್ಧಮಾಲು ತುಂಬುತ್ತದೆ: ತುಂಬಲಾರದ ನಷ್ಟ, ಕಳಚಿದ ಕೊಂಡಿ, ಬರಿದಾದ ಸಾರಸ್ವತ ಲೋಕ, ಮತ್ತೆ ಹುಟ್ಟಿ ಬನ್ನಿ, ಒಂದು ಯುಗದ ಅಂತ್ಯ. ಯುಗವೊಂದು ಮುಗಿಯಲು ಲಕ್ಷಾಂತರ ವರ್ಷ ಬೇಕು ಎಂದು ಪುರಾಣದಲ್ಲಿ ಓದಿದ್ದೆ. ಈಗ ಮಂಗಳವಾರ ಒಂದು ಮುಗಿದರೆ ಶುಕ್ರವಾರ ಇನ್ನೊಂದು ಮುಗಿಯುತ್ತದೆ. ನಡುವೆ ಹೊಸ ಯುಗ ಆರಂಭವಾದ ಪ್ರಕಟಣೆಯನ್ನು ಮಾತ್ರ ಯಾರೂ ಹೊರಡಿಸುವುದಿಲ್ಲ.

ಹಾಗೆಂದು ಅಭಿಮಾನಿಯೊಬ್ಬನನ್ನೇ ದೂರಬಾರದು. ಸಾವಿಗೆ ಮೊದಲೇ ಸಿದ್ಧರಾಗಿರುವ ಕಲೆಯನ್ನು ಅವನಿಗೆ ಕಲಿಸಿದವರು ಪತ್ರಿಕೆಯವರು. ದೊಡ್ಡ ಪತ್ರಿಕೆಗಳು ದೊಡ್ಡವರ ಮರಣಲೇಖನವನ್ನು ಅವರು ಗಟ್ಟಿಮುಟ್ಟಾಗಿರುವಾಗಲೇ ಬರೆಸಿ ಕಪಾಟಿನಲ್ಲಿ ಇಟ್ಟಿರುತ್ತವೆ. ನಟಿ ಎಲಿಜಬೆತ್ ಟೇಲರ್ 2011ರಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ಮರಣಲೇಖನದ ಲೇಖಕ ಮೆಲ್ ಗಸ್ಸೊ. ಅವರು ಸತ್ತದ್ದು 2005ರಲ್ಲಿ. ಅದಕ್ಕೂ ಮೊದಲು, ಹಾಸ್ಯನಟ ಬಾಬ್ ಹೋಪ್ 2003ರಲ್ಲಿ ನೂರು ದಾಟಿ ಕಣ್ಣುಮುಚ್ಚಿದಾಗ, ಅವರ ಬಗ್ಗೆ ಬರೆದಿಟ್ಟಿದ್ದ ವಿನ್ಸೆಂಟ್ ಕ್ಯಾನ್ಬಿ ಹೋಗಿ ಮೂರು ವರ್ಷವಾಗುತ್ತ ಬಂದಿತ್ತು. ಸತ್ತವರು ಬದುಕಿದ್ದವರಿಗೆ ಬರೆದ ಶ್ರದ್ಧಾಂಜಲಿ! ಇದಕ್ಕಿಂತ ನಿಸ್ವಾರ್ಥವಾದದ್ದನ್ನು ನಾನು ಕಂಡಿಲ್ಲ; ಮೆಚ್ಚುಗೆ ಎಷ್ಟು ಬಂತೆಂದು ನೋಡಲು ಲೇಖಕ ಮರಳುವಂತಿಲ್ಲವಲ್ಲ.

ಕಪಾಟಿನ ಬಾಗಿಲು ಒಮ್ಮೊಮ್ಮೆ ತಾನಾಗಿ ತೆರೆದುಕೊಳ್ಳುವುದೂ ಉಂಟು. 2020ರ ನವೆಂಬರ್‌ನಲ್ಲಿ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊ ತನ್ನ ಜಾಲತಾಣವನ್ನು ಹೊಸ ವ್ಯವಸ್ಥೆಗೆ ಸಾಗಿಸುವಾಗ ಪೆಲೆ, ಕ್ಲಿಂಟ್ ಈಸ್ಟ್‌ವುಡ್, ಬ್ರಿಟನ್ನಿನ ರಾಣಿ ಸೇರಿದಂತೆ ನೂರರಷ್ಟು ಮಂದಿಯನ್ನು ಒಂದೇ ಏಟಿಗೆ ಸಾಯಿಸಿ, ಬಳಿಕ ಕ್ಷಮೆ ಕೇಳಿತು.

ಅದು ಕೈತಪ್ಪು. ಕೈಯಾರೆ ಮಾಡುವವರೂ ಇದ್ದಾರೆ. ಇಟಲಿಯ ಒಬ್ಬ ಮಹಾನುಭಾವ ಗಣ್ಯರ ಹೆಸರಿನಲ್ಲಿ ನಕಲಿ ಖಾತೆ ತೆರೆದು ಲೇಖಕರನ್ನು ಕೊಲ್ಲುವುದನ್ನೇ ಹವ್ಯಾಸ ಮಾಡಿಕೊಂಡಿದ್ದಾನೆ. 2017ರಲ್ಲಿ ಅವನು ಫ್ರಾನ್ಸಿನ ಸಂಸ್ಕೃತಿ ಸಚಿವೆಯ ಸೋಗಿನಲ್ಲಿ ನೊಬೆಲ್ ಪುರಸ್ಕೃತೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ನಿಧನರಾದರೆಂದು ಸಾರಿದ. ಸುದ್ದಿ ಹಬ್ಬಿತು, ಸಂತಾಪ ಹರಿಯಿತು. ಆಕೆ ಬದುಕಿದ್ದರು. ನನಗೆ ಕುತೂಹಲವಿರುವುದು ಇಂಥ ಸಂದರ್ಭದಲ್ಲಿ ಆ ಸಂತಾಪಗಳಿಗೆ ಏನಾಗುತ್ತದೆ ಎಂಬ ಬಗ್ಗೆ. ಅಳಿಸಿಹಾಕುತ್ತಾರೆಯೇ? ಇಲ್ಲ, ಕರಡು ಎಂದು ಕಾದಿಡುತ್ತಾರೆ. ಇವತ್ತಲ್ಲದಿದ್ದರೆ ನಾಳೆ ಬೇಕಾಗುತ್ತದೆ.

ಮೈಕೆಲ್ ಜಾಕ್ಸನ್ ತೀರಿಕೊಂಡ 2009ರ ಜೂನ್ 25ರಂದು ಜಗತ್ತಿನ ಜನರೆಲ್ಲ ಒಟ್ಟಿಗೇ ಅವರ ಹೆಸರನ್ನು ಹುಡುಕತೊಡಗಿ, ಗೂಗಲ್ ಸುದ್ದಿ ವಿಭಾಗ ಇದೇನೋ ಯಂತ್ರಗಳ ದಾಳಿ ಎಂದು ಭಾವಿಸಿ ಕೆಲಹೊತ್ತು ಬಾಗಿಲು ಹಾಕಿಕೊಂಡಿತ್ತು. ಅದೇ ಗದ್ದಲದಲ್ಲಿ ನಟ ಜೆಫ್ ಗೋಲ್ಡ್‌ಬ್ಲಮ್ ನ್ಯೂಜಿಲೆಂಡಿನಲ್ಲಿ ಚಿತ್ರೀಕರಣದ ವೇಳೆ ಬಂಡೆಯಿಂದ ಬಿದ್ದು ಸತ್ತರೆಂಬ ಗಾಳಿಸುದ್ದಿಯೂ ಹೊರಟು, ಆಸ್ಟ್ರೇಲಿಯಾದ ಟಿ.ವಿ. ವಾಹಿನಿಯೊಂದು ಅದನ್ನು ಗಂಭೀರವಾಗಿ ಓದಿಯೂ ಬಿಟ್ಟಿತು. ನಾಲ್ಕು ದಿನದ ಬಳಿಕ ಅವರು ಸ್ಟೀಫನ್ ಕೋಲ್ಬೆರ್ ಅವರ ವಿಡಂಬನಾ ಕಾರ್ಯಕ್ರಮಕ್ಕೆ ಸಶರೀರರಾಗಿ ಬಂದು ‘ನಾನು ಸತ್ತಿಲ್ಲ’ ಎಂದರು. ನಿರೂಪಕರು ಒಪ್ಪಲಿಲ್ಲ, ಟಿ.ವಿ. ವರದಿಯನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಕೊನೆಗೆ ಪುರಾವೆಗೆ ತಲೆಬಾಗಿದ ಗೋಲ್ಡ್‌ಬ್ಲಮ್, ಆಪ್ತನೊಬ್ಬನನ್ನು ಕಳೆದುಕೊಂಡ ದನಿಯಲ್ಲಿ ತಮಗೆ ತಾವೇ ನುಡಿನಮನ ಸಲ್ಲಿಸಿದರು. ಆ ವರ್ಷದ ಸಂತಾಪಗಳಲ್ಲಿ ಸತ್ತವರನ್ನು ತೀರಾ ಹತ್ತಿರದಿಂದ ಬಲ್ಲೆ ಎಂದು ಪ್ರಾಮಾಣಿಕವಾಗಿ ಹೇಳಬಹುದಾಗಿದ್ದದ್ದು ಅದೊಂದೇ ಇರಬೇಕು.

ಆತುರದ ಇನ್ನೊಂದು ಫಲ ಮುಖಗಳ ಅದಲುಬದಲು. 2018ರಲ್ಲಿ ಗಾಯಕಿ ಅರೆಥಾ ಫ್ರಾಂಕ್ಲಿನ್ ನಿಧನರಾದಾಗ ಫಾಕ್ಸ್ ನ್ಯೂಸ್ ಬಿತ್ತರಿಸಿದ ಗೌರವಾರ್ಪಣೆಯ ಚಿತ್ರದ ಹಿನ್ನೆಲೆಯಲ್ಲಿ ಹಾಡುತ್ತಿದ್ದವರು ಪ್ಯಾಟಿ ಲಾಬೆಲ್, ಅವರು ಬದುಕಿದ್ದರು. ತನ್ನ ಹೆಸರಿನ ಕಾಗುಣಿತವನ್ನು ಮೂರು ಬಾರಿ ನೋಡುವ ಜನ ಸತ್ತವರ ಮುಖವನ್ನು ಒಮ್ಮೆ ನೋಡಲೂ ಪುರುಸೊತ್ತಿಲ್ಲದಷ್ಟು ದುಃಖದಲ್ಲಿರುತ್ತಾರೆ.

ಸಾಯುವವರೂ ದಿನ ನೋಡಿ ಸಾಯಬೇಕು. ಸಂಗೀತ ಸಂಯೋಜಕ ಪ್ರೊಕೊಫೀವ್ ಈ ಎಚ್ಚರ ವಹಿಸದೆ 1953ರ ಮಾರ್ಚ್ 5ರಂದು, ಸ್ಟಾಲಿನ್ ಸತ್ತ ದಿನವೇ, ಮಾಸ್ಕೋದಲ್ಲಿ ಹೋಗಿಬಿಟ್ಟರು. ಸ್ಟಾಲಿನ್ ದರ್ಶನಕ್ಕೆ ನೆರೆದ ಜನಜಂಗುಳಿಯಿಂದಾಗಿ ಅವರ ದೇಹವನ್ನು ಮನೆಯಿಂದ ಹೊರಗೆ ಸಾಗಿಸುವುದೇ ಕಷ್ಟವಾಯಿತು. ಊರಿನ ಹೂವೆಲ್ಲ ಅತ್ತ ಹೋಗಿ ಇತ್ತ ಒಂದೂ ಉಳಿಯಲಿಲ್ಲ ಎನ್ನುತ್ತಾರೆ. ಸೋವಿಯತ್ ಸಂಗೀತ ಪತ್ರಿಕೆ, ನೆನಪಿಡಿ, ಸಂಗೀತದ ಪತ್ರಿಕೆ, ಮೊದಲ 115 ಪುಟಗಳನ್ನು ಸ್ಟಾಲಿನ್‌ಗೆ ಅರ್ಪಿಸಿ 116ನೇ ಪುಟದಲ್ಲಿ ಇವರ ಸಾವನ್ನು ಚುಟುಕಾಗಿ ಮುಗಿಸಿತು. ಆಲ್ಡಸ್ ಹಕ್ಸ್‌ಲಿ ಮತ್ತು ಸಿ.ಎಸ್. ಲೂಯಿಸ್ ಎಂಬ ಲೇಖಕರಿಬ್ಬರೂ 1963ರ ನವೆಂಬರ್ 22ರಂದು, ಕೆನೆಡಿ ಹತ್ಯೆಯ ದಿನ, ಸದ್ದಿಲ್ಲದೆ ಹೊರಟರು. ಹಾರ್ಪರ್ ಲೀ ಮತ್ತು ಉಂಬರ್ಟೊ ಇಕೊ 2016ರ ಫೆಬ್ರುವರಿ 19ರಂದು ಒಟ್ಟಿಗೇ ಹೋದಾಗ, ಇಬ್ಬರನ್ನೂ ಓದಿರದವರು ಯಾರನ್ನು ‘ನನ್ನ ನೆಚ್ಚಿನ ಲೇಖಕ’ ಎನ್ನಬೇಕೆಂದು ತಿಳಿಯದೆ ಪಟ್ಟ ಸಂಕಟಕ್ಕೆ ಯಾರೂ ಸಂತಾಪ ಸೂಚಿಸಲಿಲ್ಲ.

ಆ 2016 ಒಂದು ವಿಚಿತ್ರ ವರ್ಷ. ಗಾಯಕರೇ ಸಾಲಾಗಿ ಹೋದರು: ಜನವರಿಯಲ್ಲಿ ಡೇವಿಡ್ ಬೋವಿ, ಏಪ್ರಿಲ್‌ನಲ್ಲಿ ಪ್ರಿನ್ಸ್, ಡಿಸೆಂಬರ್‌ನಲ್ಲಿ ಜಾರ್ಜ್ ಮೈಕೆಲ್. ಅರ್ಧ ಶತಮಾನ ಹಾಡಿದ ಬೋವಿಯ ಒಂದು ಆಲ್ಬಮ್ಮೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿರಲಿಲ್ಲ. ತಮ್ಮ 69ನೇ ಹುಟ್ಟುಹಬ್ಬಕ್ಕೆ ಕೊನೆಯ ಆಲ್ಬಮ್ ಹೊರತಂದು, ಎರಡು ದಿನಕ್ಕೆ ತೀರಿಕೊಂಡರು. ಏರಿತು! ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಬೇಕಾದ ಅರ್ಹತೆ ಅವರಿಗೆ ಮೊದಲೇ ತಿಳಿದಿದ್ದರೆ ಇಷ್ಟು ವರ್ಷ ವೃಥಾ ಶ್ರಮಪಡುತ್ತಿರಲಿಲ್ಲವೇನೊ.

ಪ್ರಿನ್ಸ್ ತೀರಿಕೊಂಡಾಗ ದುಃಖ ತಡೆಯಲಾರದವರ ಸಾಲಿನಲ್ಲಿ ಉಪಾಹಾರದ ಧಾನ್ಯವೂ ನಿಂತಿತು. ಅವರ ತವರು ರಾಜ್ಯವಾದ ಮಿನ್ನೆಸೋಟದ ಕಂಪನಿಯ ಚೀರಿಯೋಸ್, ಅವರ ಗುರುತೇ ಆಗಿದ್ದ ನೇರಳೆ ಬಣ್ಣದ ಹಿನ್ನೆಲೆಯಲ್ಲಿ ಚಿರಶಾಂತಿ ಕೋರುವ ಇಂಗ್ಲಿಷ್ ಸಾಲೊಂದನ್ನು ಬರೆಸಿ, ಒಂದು ಅಕ್ಷರದ ಮೇಲಿನ ಚುಕ್ಕೆಯ ಜಾಗದಲ್ಲಿ ತನ್ನದೇ ಧಾನ್ಯದ ಉಂಗುರವನ್ನು ಕೂರಿಸಿತು. ಜನ ಉಗಿದರು, ಅದು ಅಳಿಸಿತು. ನನ್ನ ಪ್ರಕಾರ ಉಗಿದದ್ದು ಅನ್ಯಾಯ. ಪೋಲಾ ಬಿಳಿ ಹೂವಿನಲ್ಲಿ ಮಾಡಿದ್ದನ್ನೇ ಅದು ಓಟ್ಸ್‌ನಲ್ಲಿ ಮಾಡಿತ್ತು, ಅಷ್ಟೇ. 2012ರಲ್ಲಿ ವಿಟ್ನಿ ಹ್ಯೂಸ್ಟನ್ ತೀರಿಕೊಂಡ ಕೆಲವೇ ಗಂಟೆಗಳಲ್ಲಿ ಬ್ರಿಟನ್ನಿನ ಐಟ್ಯೂನ್ಸ್‌ನಲ್ಲಿ ಅವರ ಆಯ್ದ ಹಾಡುಗಳ ಬೆಲೆ 4.99 ಪೌಂಡಿನಿಂದ 7.99ಕ್ಕೆ ಜಿಗಿದಿತ್ತು, ಗಲಾಟೆಯಾದ ಮೇಲೆ ಆ ಹಾಡುಗಳ ಕಂಪನಿ ಸೋನಿ ಅದು ಸಿಬ್ಬಂದಿಯ ತಪ್ಪು ಎಂದು ಕ್ಷಮೆ ಕೋರಿತು. ಕಣ್ಣೀರಿಗೂ ಮಾರುಕಟ್ಟೆ ಇದೆ ಎನ್ನುವುದು ಆ ಸಿಬ್ಬಂದಿಗೆ ಅಕಸ್ಮಾತ್ತಾಗಿ ಹೊಳೆದಿರಬೇಕು, ಪಾಪ.

ಇಷ್ಟೆಲ್ಲ ಸಾವು ಕಂಡ ಅಭಿಮಾನಿಗಳು 2016ರ ಕೊನೆಗೆ ಕೊಲೆಗಾರನನ್ನು ಪತ್ತೆಹಚ್ಚಿದರು: ಕ್ಯಾಲೆಂಡರ್. ಉಳಿದ ಕೆಲವು ದಿನಗಳಲ್ಲಿ 94ರ ನಟಿ ಬೆಟ್ಟಿ ವೈಟ್ ಅವರನ್ನು 2016ರ ಕೈಯಿಂದ ಕಾಪಾಡಲು ಒಬ್ಬ ಅಭಿಮಾನಿ ಚಂದಾ ಎತ್ತುವ ಅಭಿಯಾನವನ್ನೇ ಹೂಡಿದ. ಜನ ಹಣ ಕೊಟ್ಟರು. ಆಕೆ ಆ ವರ್ಷ ಮಾತ್ರವಲ್ಲ, ಇನ್ನೈದು ವರ್ಷವೂ ಆರಾಮವಾಗಿ ದಾಟಿದರು. 2022ರ ಜನವರಿ 17ಕ್ಕೆ ನೂರು ತುಂಬಬೇಕಿತ್ತು. ಪೀಪಲ್ ಪತ್ರಿಕೆ ‘ಬೆಟ್ಟಿ ವೈಟ್‌ಗೆ ನೂರು’ ಎಂದು ಮುಖಪುಟ ಅಚ್ಚು ಹಾಕಿಸಿ ಅಂಗಡಿಗಳಿಗೆ ಕಳಿಸಿಯೂ ಆಗಿತ್ತು. 2021ರ ಡಿಸೆಂಬರ್ 31ರಂದು ಆಕೆ ಹೊರಟರು. ಜೀವನವಿಡೀ ಹಾಸ್ಯದ ಸಮಯಪ್ರಜ್ಞೆಗೆ ಹೆಸರಾದವರು ಕೊನೆಯ ನಗೆಯನ್ನು ಪತ್ರಿಕೆಗೂ ಅಭಿಮಾನಿಗಳಿಗೂ ಬಿಟ್ಟುಕೊಡಲಿಲ್ಲ.

ನಟರ ಪಾಡು ಹೀಗಾದರೆ ಲೇಖಕರದು ಇನ್ನೂ ಚೆಂದ. ನಟ ಸತ್ತರೆ ಅವನ ದೃಶ್ಯದ ತುಣುಕನ್ನಾದರೂ ಹಾಕಬೇಕು, ಅದು ಅವನದೇ ಆಗಿರಬೇಕು. ಲೇಖಕ ಸತ್ತರೆ ಅಂಥ ನಿರ್ಬಂಧವೇನಿಲ್ಲ. ಯಾವ ಮಾತನ್ನಾದರೂ ಬರೆದು ಕೆಳಗೆ ಅವನ ಹೆಸರು ಹಾಕಬಹುದು. ಬದುಕು ಮತ್ತೊಮ್ಮೆ ಸಿಕ್ಕರೆ ಹೀಗೆ ಬಾಳುತ್ತೇನೆ, ಹಾಗೆ ಬಾಳುತ್ತೇನೆ ಎನ್ನುವ ಪದ್ಯವೊಂದು 1986ರಲ್ಲಿ ತೀರಿಕೊಂಡ ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ, ಅದು ಅವರದಲ್ಲ. ಕೊಲಂಬಿಯಾದ ಕಾದಂಬರಿಕಾರ ಮಾರ್ಕ್ವೆಸ್ ವಿಷಯದಲ್ಲಿ ಜನ ಸಾವಿನವರೆಗೂ ಕಾಯಲಿಲ್ಲ. 2000ದಲ್ಲಿ, ಅವರು ಕ್ಯಾನ್ಸರ್‌ನಿಂದ ಬಳಲುತ್ತಿದ್ದಾಗ, ಅವರ ‘ವಿದಾಯ ಪದ್ಯ’ ಲೋಕವೆಲ್ಲ ಅಳುವಂತೆ ಮಾಡಿತು. ನಿಜವಾಗಿ ಅದನ್ನು ಬರೆದವನು ಮೆಕ್ಸಿಕೊದ ಒಬ್ಬ ಮಾತಾಡುವ ಗೊಂಬೆಯ ಕಲಾವಿದ, ತನ್ನ ಗೊಂಬೆಯ ಬಾಯಲ್ಲಿ ಹೇಳಿಸಲೆಂದು. ಕ್ಯಾನ್ಸರ್ ಅಲ್ಲ, ಇಷ್ಟು ಕಳಪೆಯದನ್ನು ನಾನು ಬರೆದೆನೆಂದು ಜನ ನಂಬುವ ನಾಚಿಕೆಯೇ ನನ್ನನ್ನು ಕೊಲ್ಲುತ್ತದೆ ಎಂಬರ್ಥದ ಮಾತನ್ನು ಮಾರ್ಕ್ವೆಸ್ ಆಡಿದರು. ಅವರ ಕಾದಂಬರಿಯ ನಾಲ್ಕು ನೂರು ಪುಟ ಓದುವುದಕ್ಕಿಂತ ಗೊಂಬೆಯ ಹತ್ತಿಪ್ಪತ್ತು ಸಾಲು ಓದಿ ಅಳುವುದು ಸುಲಭ. ನಾವೇನು ಕೆಲಸವಿಲ್ಲದವರೇ?

ಓದದ ಅಭಿಮಾನಿಯಾದರೂ ಲೇಸು, ಓದಿ ಮುಗಿಸಿದ ಅಭಿಮಾನಿಯ ಹಸಿವು ಭಯಂಕರ. ‘ಇನ್ನೇನಾದರೂ ಇದೆಯೇ?’ ಎಂದು ಅವನು ದಿವಂಗತರ ಮೇಜಿನ ಡ್ರಾಯರ್ ಎಳೆಯುತ್ತಾನೆ. ಮಾರ್ಕ್ವೆಸ್ ತಮ್ಮ ಕೊನೆಯ ಕಾದಂಬರಿ ಚೆನ್ನಾಗಿ ಬಂದಿಲ್ಲ, ನಾಶಮಾಡಿ ಎಂದಿದ್ದರು. ಮಕ್ಕಳು ಓದುಗರ ಸಂತೋಷವೇ ಮಿಗಿಲೆಂದು ಬಗೆದು 2024ರಲ್ಲಿ ಪ್ರಕಟಿಸಿದರು.

ಇಂಗ್ಲೆಂಡಿನ ಕಾದಂಬರಿಕಾರ ಟೆರ್ರಿ ಪ್ರ್ಯಾಚೆಟ್ ತಮ್ಮ ಅಭಿಮಾನಿಗಳನ್ನು ಚೆನ್ನಾಗಿ ಬಲ್ಲವರು. 2015ರಲ್ಲಿ ಅವರು ಹೋದಾಗ ಕೆಲವರು ವೆಬ್ ಸರ್ವರ್‌ಗಳು ತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಸಂಕೇತಗಳ ನಡುವೆ ಅವರ ಹೆಸರನ್ನು ಸೇರಿಸಿದರು. ಪರದೆಯ ಮೇಲೆ ಅದು ಕಾಣುವುದೇ ಇಲ್ಲ, ಸೇರಿಸಿದವರ ಹೆಸರಂತೂ ಅಲ್ಲಿಲ್ಲ. ಇಂಥ ಜನರೂ ಇದ್ದಾರೆ ಎಂಬುದು ವಿಡಂಬನೆ ಬರೆಯುವವನಿಗೆ ತೊಡಕಿನ ಸಂಗತಿ, ಆದ್ದರಿಂದ ಬೇಗ ಮುಂದೆ ಹೋಗುತ್ತೇನೆ. ಅರ್ಧಕ್ಕೆ ನಿಂತ ಬರಹಗಳಿದ್ದ ತಮ್ಮ ಹಾರ್ಡ್ ಡಿಸ್ಕ್ ಅನ್ನು ರೋಡ್ ರೋಲರ್ ಕೆಳಗೆ ಹಾಕಿ ಪುಡಿಮಾಡಬೇಕೆಂದು ಪ್ರ್ಯಾಚೆಟ್ ಹೇಳಿಹೋಗಿದ್ದರು. 2017ರ ಆಗಸ್ಟ್‌ನಲ್ಲಿ ಹಾಗೆಯೇ ಮಾಡಲಾಯಿತು. ಹಳೆಯ ಕಾಲದ ಉಗಿ ರೋಲರ್ ಹಲವು ಬಾರಿ ಹತ್ತಿಳಿದರೂ ಡಿಸ್ಕ್ ಜಪ್ಪಯ್ಯ ಎನ್ನದೆ, ಕೊನೆಗೆ ಕಲ್ಲು ಪುಡಿಮಾಡುವ ಯಂತ್ರಕ್ಕೆ ಕೊಡಬೇಕಾಯಿತು. ಅದರ ಚೂರುಗಳನ್ನು ಸಾಲ್ಸ್‌ಬರಿಯ ಮ್ಯೂಸಿಯಂನಲ್ಲಿ ಅಭಿಮಾನಿಗಳ ದರ್ಶನಕ್ಕೆ ಇಡಲಾಯಿತು. ಅಷ್ಟಕ್ಕೂ ತೃಪ್ತರಾಗದ ಕೆಲವರು ಹಳೆಯ ಪತ್ರಿಕೆಗಳ ಕಡತ ಸೇರಿಕೊಂಡು, ಪ್ರ್ಯಾಚೆಟ್ ತರುಣರಾಗಿದ್ದಾಗ ಬೇರೆಯೇ ಹೆಸರಿನಲ್ಲಿ ಬರೆದು ಮರೆತಿದ್ದ ಕಥೆಗಳನ್ನು ಹೆಕ್ಕಿ ತೆಗೆದರು. 2023ರಲ್ಲಿ ಪುಸ್ತಕವಾಗಿ ಬಂತು. ಪತ್ರಿಕೆಯ ಕಡತದ ಮೇಲೂ ರೋಲರ್ ಓಡಿಸಿ ಎಂದು ಬರೆದಿಡಲು ಅವರು ಮರೆತಿದ್ದರು.