ಸತ್ಯಾಂಶ: ಚೀನಾದ ಅತಿ ಹಳೆಯ ಬರಹ ಸಿಕ್ಕಿದ್ದು ಕಷಾಯದ ಪೊಟ್ಟಣದಲ್ಲೇ?

‘1899ರಲ್ಲಿ ಬೀಜಿಂಗ್‌ನ ವಿದ್ವಾಂಸ ವಾಂಗ್ ಯಿರಾಂಗ್‌ಗೆ ಮಲೇರಿಯಾ ಬಂತು, ಕಷಾಯಕ್ಕೆ ತಂದ ಡ್ರ್ಯಾಗನ್ ಮೂಳೆಯಲ್ಲಿ (ಔಷಧಿಯೆಂದು ಮಾರುತ್ತಿದ್ದ ಹಳೆಯ ಮೂಳೆ) ಪ್ರಾಚೀನ ಲಿಪಿ ಕಂಡಿತು’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಕತೆ ಸೊಗಸಾಗಿದೆ, ಆಧಾರವಿಲ್ಲ. ಅದು ಪ್ರಚಾರಕ್ಕೆ ಬಂದದ್ದೇ ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಚೀನಾದ ಆನ್ಯಾಂಗ್ ಊರಿನ ಬಳಿಯ ರೈತರು ಹೊಲದಲ್ಲಿ ಸಿಕ್ಕ ಮೂಳೆಗಳನ್ನು ಔಷಧಿ ಅಂಗಡಿಗೆ ಮಾರುತ್ತಿದ್ದದ್ದು ನಿಜ. ಆದರೆ ಗೀಚಿದ ಮೂಳೆಗೆ ಗಿರಾಕಿ ಇಲ್ಲವೆಂದು ಅಕ್ಷರಗಳನ್ನು ಕೆರೆದು ತೆಗೆದೇ ಕೊಡುತ್ತಿದ್ದರಂತೆ!

ವಾಂಗ್ ಅವರಿಗೆ ಮೂಳೆಗಳನ್ನು ತಂದು ಮಾರಿದವರು ಹಳೆಯ ವಸ್ತುಗಳ ವ್ಯಾಪಾರಿಗಳು. ವಾಂಗ್ ಬಳಿಗೇ ಏಕೆ? ಕಂಚಿನ ಪಾತ್ರೆ, ಶಿಲಾಶಾಸನಗಳ ಬರಹ ಓದುವುದರಲ್ಲಿ ಅವರು ಪಳಗಿದ ಕೈ. ಆ ವಿದ್ಯೆಯೂ ಹೊಸದಲ್ಲ. ಚೀನಾದ ಸೋಂಗ್ ರಾಜವಂಶದ ಕಾಲದ ವಿದ್ವಾಂಸ ಲ್ಯು ದಾಲಿನ್ 1092ರಲ್ಲೇ ಪ್ರಾಚೀನ ಪಾತ್ರೆಗಳ ಚಿತ್ರ, ಅಳತೆ, ತೂಕ, ಗೊತ್ತಿದ್ದಲ್ಲಿ ಸಿಕ್ಕ ಜಾಗವನ್ನೂ ದಾಖಲಿಸಿದ್ದರು.