ಹಿಂದಿ ರಾಷ್ಟ್ರಭಾಷೆನಾ? ಸತ್ಯಾಂಶ ಇಲ್ಲಿದೆ

'ಹಿಂದಿ ನಮ್ಮ ರಾಷ್ಟ್ರಭಾಷೆ, ಸಂವಿಧಾನದಲ್ಲೇ ಬರೆದಿದೆ' ಅನ್ನೋ ಮೆಸೇಜ್ ನಿಮಗೂ ಬಂದಿರುತ್ತೆ ಅಲ್ವಾ? ಅದು ತಪ್ಪು. ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಕರೆದಿಲ್ಲ. 343ನೇ ವಿಧಿ ಹೇಳುವುದು ಇಷ್ಟೇ: ದೇವನಾಗರಿ ಲಿಪಿಯ ಹಿಂದಿ ಕೇಂದ್ರ ಸರ್ಕಾರದ ಆಡಳಿತ ಭಾಷೆ. ಅಂದರೆ ಕಡತ, ಪತ್ರ, ಆದೇಶಗಳ ಭಾಷೆ. ಇಂಗ್ಲಿಷ್ 15 ವರ್ಷ ಮಾತ್ರ ಜೊತೆಗಿರಬೇಕಿತ್ತು. 1963ರ ಕಾಯ್ದೆಯಿಂದ ಅದೂ ಉಳಿಯಿತು. ರಾಜ್ಯಗಳ ಆಡಳಿತ ಭಾಷೆಯನ್ನು ಆಯಾ ವಿಧಾನಸಭೆಗಳೇ ಆರಿಸಬಹುದು. ನಮ್ಮಲ್ಲಿ ಅದು ಕನ್ನಡ.

ಇದಕ್ಕೆ ಉತ್ತರವಾಗಿ ನಮ್ಮವರೇ ಕಳಿಸುವ ಇನ್ನೊಂದು ಮೆಸೇಜ್ ಇದೆ: '22 ಭಾಷೆಗಳೂ ರಾಷ್ಟ್ರಭಾಷೆಗಳೇ.' ಕೇಳೋಕೆ ಖುಷಿಯಾಗುತ್ತೆ, ಆದರೆ ಇದೂ ಸರಿಯಲ್ಲ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳ ಹೆಸರಿದೆ, ಕನ್ನಡ ಮೊದಲಿನಿಂದಲೂ ಇದೆ. 'ರಾಷ್ಟ್ರಭಾಷೆ' ಅನ್ನೋ ಪದ ಅಲ್ಲೂ ಇಲ್ಲ. ತುಳುವಿಗಂತೂ ಆ ಪಟ್ಟಿಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ, ಅದು ನನಗೆ ನಿಜಕ್ಕೂ ಬೇಸರ.

ಜೇಬಿನಲ್ಲಿರುವ ನೋಟು ತೆಗೆದು ಹಿಂಭಾಗ ನೋಡಿ. ಒಂದರ ಕೆಳಗೊಂದು 15 ಭಾಷೆಗಳಲ್ಲಿ ಮೊತ್ತ ಬರೆದಿದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು.